ಮದರಂಗಿ ಮಾಸುತ್ತೆ, ಹಚ್ಚೆ ಉಳಿಯುತ್ತೆ: ನಿಮ್ಮ ಚರ್ಮವನ್ನು ಪದರ ಪದರವಾಗಿ ನೋಡುವುದು ಹೇಗೆ

ಮದುವೆ ಮನೆಯಿಂದ ಬಂದವರ ಕೈಯನ್ನು ಒಮ್ಮೆ ಹತ್ತಿರದಿಂದ ನೋಡಿ. ಅಂಗೈಯಲ್ಲಿ ಮದರಂಗಿ ಕಡುಗೆಂಪಾಗಿ ಕೂತಿರುತ್ತದೆ. ಅದೇ ಕೋನ್‌ನಿಂದ, ಅದೇ ಹೊತ್ತಿನಲ್ಲಿ ಮುಂಗೈ ಮೇಲೆ ಬಿಡಿಸಿದ್ದು ಮಾತ್ರ ತಿಳಿ ಕಿತ್ತಳೆ. ಮೊಣಕೈ ಹತ್ತಿರ ಹೋದರೆ ಇನ್ನೂ ತೆಳು. "ಕೆಂಪಾದಷ್ಟೂ ಗಂಡನ ಪ್ರೀತಿ ಜಾಸ್ತಿ" ಅಂತ ರೇಗಿಸುತ್ತಾರಲ್ವಾ, ಹಾಗಾದರೆ ಆ ಪ್ರೀತಿ ಮಣಿಕಟ್ಟು ದಾಟೋದೇ ಇಲ್ಲ ಯಾಕೆ?

ಅಲ್ಲೇ ಪಕ್ಕದಲ್ಲಿ ಕೂತ ಅಜ್ಜಿಯ ತೋಳು ನೋಡಿ. ಹುಡುಗಿಯಾಗಿದ್ದಾಗ ಹಾಕಿಸಿಕೊಂಡ ಹಚ್ಚೆ. 60 ವರ್ಷ ಕಳೆದರೂ ಹಸಿರು ಹಸಿರಾಗಿ ಹಾಗೇ ಇದೆ. ಎಷ್ಟು ಸೋಪು, ಎಷ್ಟು ಬಿಸಿಲು ಕಂಡಿತೋ ಆ ಕೈ. ಮದರಂಗಿ ಎರಡು ಮೂರು ವಾರಕ್ಕೆ ಮಾಯವಾಯಿತು, ಹಚ್ಚೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಎರಡಕ್ಕೂ ಕಾರಣ ಒಂದೇ. ಬಣ್ಣ ಎಷ್ಟು ಆಳಕ್ಕೆ ಇಳಿಯಿತು ಅನ್ನೋದು. ಚರ್ಮದ ವಿಷಯದಲ್ಲಿ ನಾವು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು: ಎಷ್ಟು ಆಳ? ಸುಟ್ಟ ಗಾಯಕ್ಕೂ ಇದೇ ಪ್ರಶ್ನೆ, ದುಬಾರಿ ಕ್ರೀಮಿಗೂ ಇದೇ ಪ್ರಶ್ನೆ. 9ನೇ ಕ್ಲಾಸಿನ ಮಕ್ಕಳು "ಅಂಗಾಂಶಗಳು" ಪಾಠವನ್ನು ಉರು ಹೊಡೆಯುತ್ತಾರೆ. ಅಂಗಾಂಶ ಅಂದರೆ ಒಂದೇ ಕೆಲಸಕ್ಕೆ ಒಟ್ಟಾಗಿ ನಿಂತ ಜೀವಕೋಶಗಳ ಗುಂಪು. ಅನುಲೇಪಕ, ಸಂಯೋಜಕ, ಸ್ನಾಯು, ನರ. ಆ ನಾಲ್ಕೂ ತಮ್ಮ ಕೈಯಲ್ಲೇ ಇವೆ ಅಂತ ಎಷ್ಟು ಮಕ್ಕಳಿಗೆ ಗೊತ್ತು? ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲೇ ಕೂತು ನೋಡಿಬಿಡೋಣ.

ಮೊದಲು ಸಾಮಾನು ಹೊಂದಿಸಿಕೊಳ್ಳಿ

ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ. ಸೆಲ್ಲೋ ಟೇಪ್, ಒಂದು ಕಪ್ಪು ಕಾಗದ, ತಲೆಗೆ ಹಾಕುವ ಯು ಪಿನ್, ಸ್ಕೇಲು, ಒಂದು ತುಂಡು ಐಸ್. ಮಾಂಸ ತಿನ್ನುವ ಮನೆಯಾದರೆ ಚರ್ಮ ತೆಗೆಯದ ಒಂದು ಕೋಳಿ ಕಾಲು. ಪಾದದ ಸಮೇತ ಕೊಡಿ ಅಂತ ಅಂಗಡಿಯವನಿಗೆ ಮೊದಲೇ ಹೇಳಿ, ಇಲ್ಲಾಂದ್ರೆ ಕತ್ತರಿಸಿ ಎಸೆದುಬಿಡುತ್ತಾನೆ.

ಹೆಜ್ಜೆ 1: ಸತ್ತ ಪದರವನ್ನು ಟೇಪಿನಲ್ಲಿ ಹಿಡಿಯಿರಿ

ಎಣ್ಣೆ, ಕ್ರೀಮು ಹಚ್ಚದ ಒಣ ಮುಂಗೈ ಮೇಲೆ ಟೇಪ್ ಅಂಟಿಸಿ. ಬೆರಳಿನಿಂದ ಒತ್ತಿ ಉಜ್ಜಿ, ಮೆಲ್ಲಗೆ ಕಿತ್ತು ಕಪ್ಪು ಕಾಗದದ ಮೇಲೆ ಅಂಟಿಸಿ. ಬೆಳಕಿಗೆ ಹಿಡಿದರೆ ಬೂದಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಹೊಟ್ಟು ಕಾಣುತ್ತದೆ. ಅದು ಕೊಳೆ ಅಲ್ಲ, ನೀವೇ. ಸ್ನಾನ ಮಾಡಿ ಬಂದ ಮೇಲೆ ಮಾಡಿದರೂ ಬರುತ್ತದೆ.

ಚರ್ಮದ ತೀರಾ ಹೊರಗಿನ ಭಾಗಕ್ಕೆ ಹೊರಚರ್ಮ ಅನ್ನುತ್ತಾರೆ. ಪಾಠದಲ್ಲಿ ಬರುವ ಅನುಲೇಪಕ ಅಂಗಾಂಶ ಇದೇ. ಇದರ ತಳದಲ್ಲಿ ಒಂದು ಸಾಲು ಜೀವಕೋಶಗಳು ಹಗಲೂ ರಾತ್ರಿ ಮರಿ ಹಾಕುತ್ತಲೇ ಇರುತ್ತವೆ. ಹೊಸದು ಹುಟ್ಟಿದಂತೆ ಹಳೆಯದು ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ. ಮೇಲೇರುತ್ತಾ ಏರುತ್ತಾ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿಕೊಂಡು ಚಪ್ಪಟೆಯಾಗಿ, ಕೊನೆಗೆ ಸತ್ತು ಹೊಟ್ಟಾಗಿ ಉದುರುತ್ತದೆ. ಹುಟ್ಟಿನಿಂದ ಉದುರುವವರೆಗೆ ಸುಮಾರು ನಾಲ್ಕು ವಾರ. ವಯಸ್ಸಾದ ಹಾಗೆ ಇನ್ನೂ ನಿಧಾನ. ಈಗ ನಿಮ್ಮ ಕೈ ಮೇಲೆ ಕಾಣುತ್ತಿರುವುದೆಲ್ಲ ಹೋದ ತಿಂಗಳು ಹುಟ್ಟಿದ್ದು.

ಈ ಹೊರಚರ್ಮ ಎಲ್ಲ ಕಡೆ ಒಂದೇ ದಪ್ಪ ಇಲ್ಲ. ಕಣ್ಣಿನ ರೆಪ್ಪೆಯ ಮೇಲೆ ಸುಮಾರು 0.05 ಮಿಲಿಮೀಟರ್. ಅಂಗಾಲಿನಲ್ಲಿ ಸುಮಾರು 1.5 ಮಿಲಿಮೀಟರ್. ಅಂದರೆ 30 ಪಟ್ಟು ವ್ಯತ್ಯಾಸ! ಮದರಂಗಿ ಎಲೆಯ ಬಣ್ಣ ಹಿಡಿದುಕೊಳ್ಳುವುದು ಈ ಸತ್ತ ಪದರದ ಕೆರಾಟಿನ್ನನ್ನೇ. ಅಂಗೈಯಲ್ಲಿ ಆ ಪದರ ದಪ್ಪ, ಹಾಗಾಗಿ ಬಣ್ಣ ಕಡು. ಮುಂಗೈಯಲ್ಲಿ ತೆಳು, ಹಾಗಾಗಿ ತಿಳಿ. ಬಣ್ಣ ತೊಳೆದು ಹೋಗುವುದಲ್ಲ, ಬಣ್ಣ ಹತ್ತಿದ ಚರ್ಮವೇ ಉದುರಿಹೋಗುವುದು. ಅತ್ತೆ ಮನೆಯ ಪಾತ್ರೆ ತಿಕ್ಕುವವಳ ಕೈಯಲ್ಲಿ ಬೇಗ ಮಾಸುವುದೂ ಅದಕ್ಕೇ.

ಇಲ್ಲೇ ಒಂದು ಎಚ್ಚರಿಕೆ. ಅರ್ಧ ಗಂಟೆಯಲ್ಲಿ ಕಪ್ಪಗೆ ಬರುತ್ತೆ ಅಂತ ಮಾರುವ "ಬ್ಲ್ಯಾಕ್ ಮೆಹಂದಿ" ಕೋನ್ ಬೇಡವೇ ಬೇಡ. ಗೋರಂಟಿ ಎಲೆ ಯಾವತ್ತೂ ಕಪ್ಪು ಬಣ್ಣ ಕೊಡಲ್ಲ. ಅಂಥ ಕೋನ್‌ಗಳಿಗೆ ಸಾಮಾನ್ಯವಾಗಿ ಬೆರೆಸುವುದು ಹೇರ್ ಡೈನಲ್ಲಿರುವ ಪಿಪಿಡಿ ಎಂಬ ರಾಸಾಯನಿಕ. ಕೆಲವರಿಗೆ ಡಿಸೈನ್ ಬಿಡಿಸಿದ ಗೆರೆಯುದ್ದಕ್ಕೂ ಬೊಬ್ಬೆ ಏಳುತ್ತದೆ. ಒಮ್ಮೆ ಅಲರ್ಜಿ ಶುರುವಾದರೆ ಮುಂದೆ ತಲೆಗೆ ಡೈ ಹಚ್ಚಿದಾಗಲೂ ಕಾಡಬಹುದು.

ಹೊರಚರ್ಮದಲ್ಲಿ ರಕ್ತನಾಳ ಒಂದೂ ಇಲ್ಲ. ಕಾಗದದ ಅಂಚು ತಾಗಿ ಗೀರಿದಾಗ ಕೆಲವೊಮ್ಮೆ ಬಿಳಿ ಗೆರೆ ಬರುತ್ತದೆ, ರಕ್ತ ಬರಲ್ಲ. ಗೀರು ಅಲ್ಲಿಗೇ ನಿಂತಿದೆ ಅಂತ ಅರ್ಥ. ಅದರ ಜೀವಕೋಶಗಳಿಗೆ ಊಟ ಕೆಳಗಿನ ಪದರದಿಂದ ಜಿನುಗಿ ಬರಬೇಕು.

ಸತ್ತ ಪದರ ಅಂತ ಸಸಾರ ಮಾಡಬೇಡಿ. ಇದು ಇಟ್ಟಿಗೆ ಗೋಡೆ ಇದ್ದ ಹಾಗೆ. ಸತ್ತ ಜೀವಕೋಶಗಳು ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ಒಳಗಿನ ನೀರು ಹೊರಗೆ ಆರಿಹೋಗದ ಹಾಗೆ, ಹೊರಗಿನ ಕ್ರಿಮಿ ಒಳಗೆ ನುಗ್ಗದ ಹಾಗೆ ಕಾಯುವುದು ಈ ಗೋಡೆ. ಕುದಿಯುವ ನೀರಿನ ಸ್ನಾನ, ದಿನಕ್ಕೆರಡು ಸಲ ನೊರೆ ನೊರೆ ಸೋಪು, ಮೇಲೆ ಗಸಗಸ ಉಜ್ಜುವ ನಾರು, ಇವೆಲ್ಲ ಗಾರೆಯನ್ನೇ ಕಿತ್ತುಹಾಕುತ್ತವೆ. ಚಳಿಗಾಲದಲ್ಲಿ ಮೈ ಒಡೆಯುವುದು ಹೀಗೆ. ಪರಿಹಾರ ಸುಲಭ: ಉಗುರು ಬೆಚ್ಚಗಿನ ನೀರು, ಕಂಕುಳು ತೊಡೆಸಂದಿಗೆ ಸೋಪು, ಉಳಿದ ಕಡೆ ಸ್ವಲ್ಪವೇ. ಟವೆಲಿನಲ್ಲಿ ಒತ್ತಿ ಒರೆಸಿ, ಮೈ ಇನ್ನೂ ಪಸೆ ಇರುವಾಗಲೇ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಸವರಿ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಒಳಗೆ ಹಿಡಿದಿಡಲು ನೀರೇ ಉಳಿದಿರಲ್ಲ. ಒಡೆದ ಹಿಮ್ಮಡಿಗೂ ಇದೇ ಮದ್ದು, ರಾತ್ರಿ ವ್ಯಾಸಲೀನ್ ಹಚ್ಚಿ ಕಾಲುಚೀಲ ಹಾಕಿ ಮಲಗಿ.

ಇನ್ನು "ಕೊಲಾಜನ್ ಕ್ರೀಮ್" ಜಾಹೀರಾತು. ಕೊಲಾಜನ್ ಅಂದರೆ ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನ್. ಅದು ಇರುವುದು ಈ ಗೋಡೆಯ ಆಚೆ, ಹೊರಚರ್ಮದ ಕೆಳಗಿನ ಒಳಚರ್ಮದಲ್ಲಿ. ಅದರ ಅಣು ಎಷ್ಟು ದೊಡ್ಡದು ಅಂದರೆ ಮೇಲಿನಿಂದ ಸವರಿದರೆ ಗೋಡೆ ದಾಟಲು ಸಾಧ್ಯವಿಲ್ಲ. ಕ್ರೀಮಿನಲ್ಲಿರುವ ಜಿಡ್ಡು ಮೇಲ್ಮೈಯನ್ನು ಮೆತ್ತಗೆ ಮಾಡುತ್ತದೆ ನಿಜ, ಆದರೆ ಆ ಕೆಲಸವನ್ನು ಐವತ್ತು ರೂಪಾಯಿಯ ಡಬ್ಬಿಯೂ ಮಾಡುತ್ತದೆ. ನನ್ನನ್ನು ಕೇಳಿದರೆ ಅದಕ್ಕೆ ಸಾವಿರಾರು ರೂಪಾಯಿ ಸುರಿಯುವುದು ದಂಡ.

ಹೆಜ್ಜೆ 2: ವಾಚ್ ಬಿಚ್ಚಿ

ವಾಚ್ ಪಟ್ಟಿಯ ಕೆಳಗಿನ ಬಣ್ಣವನ್ನೂ ಪಕ್ಕದ ಬಣ್ಣವನ್ನೂ ಹೋಲಿಸಿ. ಹೊರಚರ್ಮದ ತಳದಲ್ಲಿ ಮೆಲನೋಸೈಟ್ ಅಂತ ಜೀವಕೋಶಗಳಿವೆ. ಅವು ಮೆಲನಿನ್ ಎಂಬ ಕಂದು ಬಣ್ಣ ತಯಾರಿಸಿ ಅಕ್ಕಪಕ್ಕದ ಕೋಶಗಳಿಗೆ ಹಂಚುತ್ತವೆ. ಆ ಕೋಶಗಳು ಬಣ್ಣವನ್ನು ತಮ್ಮ ನ್ಯೂಕ್ಲಿಯಸ್ ಮೇಲೆ ಕೊಡೆ ಹಿಡಿದ ಹಾಗೆ ಇಟ್ಟುಕೊಳ್ಳುತ್ತವೆ. ಬಿಸಿಲು ಜಾಸ್ತಿಯಾದರೆ ಕೊಡೆಯೂ ಜಾಸ್ತಿ. ಬೆಳ್ಳಗಿನವರಿಗೂ ಕಪ್ಪಗಿನವರಿಗೂ ಮೆಲನೋಸೈಟ್‌ಗಳ ಸಂಖ್ಯೆ ಹೆಚ್ಚೂ ಕಡಿಮೆ ಒಂದೇ. ಅವು ತಯಾರಿಸುವ ಬಣ್ಣದ ಪ್ರಮಾಣ, ಬಗೆಯಲ್ಲಿ ಮಾತ್ರ ವ್ಯತ್ಯಾಸ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಅಳೆಯುವುದು ಇಷ್ಟನ್ನೇ!

ಮುಖ ಬೆಳ್ಳಗೆ ಮಾಡಲು ಮೆಡಿಕಲ್ ಸ್ಟೋರಿನಿಂದ ಕೇಳಿ ತರುವ ಕೆಲವು ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಅಂತ ಇದ್ದರೆ ಡಾಕ್ಟರ್ ಹೇಳದೆ ಮುಖಕ್ಕೆ ಹಚ್ಚಬೇಡಿ. ಮೊದಲೆರಡು ವಾರ ಹೊಳಪು ಬರುತ್ತದೆ. ಆಮೇಲೆ ಚರ್ಮ ತೆಳುವಾಗಿ, ರಕ್ತನಾಳ ಕಾಣಿಸಿಕೊಂಡು, ಮೊಡವೆ ಎದ್ದು, ಬಿಟ್ಟರೆ ಉರಿ, ಹಚ್ಚಿದರೆ ಹಾಳು ಅನ್ನುವ ಸ್ಥಿತಿ.

ಹೆಜ್ಜೆ 3: ಒಳಚರ್ಮವನ್ನು ಚಿವುಟಿ, ಒತ್ತಿ, ತಣ್ಣಗೆ ಮಾಡಿ

ರಕ್ತ ಬಂತು ಅಂದರೆ ಒಳಚರ್ಮ ಮುಟ್ಟಿದಿರಿ ಅಂತ. ನಿಜವಾದ ಊರು ಇರುವುದೇ ಇಲ್ಲಿ. ಕೊಲಾಜನ್ ಎಳೆಗಳ ದಟ್ಟ ಬಲೆ, ನಡುವೆ ರಬ್ಬರಿನ ಹಾಗೆ ಹಿಗ್ಗುವ ಎಲಾಸ್ಟಿನ್, ರಕ್ತನಾಳ, ನರ, ಕೂದಲ ಬುಡ, ಬೆವರಿನ ಗ್ರಂಥಿ, ಎಣ್ಣೆಯ ಗ್ರಂಥಿ, ಎಲ್ಲ ಇದರೊಳಗೆ. ಪಾಠದಲ್ಲಿ ಸಂಯೋಜಕ ಅಂಗಾಂಶ ಅಂತ ಓದುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಚಪ್ಪಲಿಯ ಚರ್ಮ ಅಂದರೂ ಇದೇ. ಹದ ಮಾಡುವವರು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು, ಹೊರಚರ್ಮ ಎರಡನ್ನೂ ಕೆರೆದು ತೆಗೆಯುತ್ತಾರೆ. ಉಳಿಯುವುದು ಕೊಲಾಜನ್ ಬಲೆ. ಕಾಲು ಸೂಪು ಮಾಡುವವರಿಗೂ ಇದು ಗೊತ್ತು: ಗಂಟೆಗಟ್ಟಲೆ ಕುದಿಸಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಜೆಲ್ಲಿಯಾಗಿ ನಡುಗುತ್ತಿರುತ್ತದೆ. ಕೊಲಾಜನ್ ಬೆಂದು ಜೆಲಟಿನ್ ಆಗಿದೆ. ಈ ಬಲೆ ಗಟ್ಟಿಯಾಗಿ ಹೆಣೆಯಲು ಸಿ ವಿಟಮಿನ್ ಬೇಕೇ ಬೇಕು. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರ ಒಸಡು ಒಡೆದು, ಗಾಯ ಮಾಯದೆ ಹೋಗುತ್ತಿದ್ದದ್ದು ಇದಿಲ್ಲದೆ. ನಮಗೆ ನೆಲ್ಲಿಕಾಯಿ, ನಿಂಬೆ, ಸೀಬೆ ಸಾಕು.

ಈಗ ಮುಂಗೈ ಚರ್ಮ ಚಿವುಟಿ ಎತ್ತಿ ಬಿಡಿ. ಮಗುವಿನ ಕೈಯಲ್ಲಿ ಫಟ್ ಅಂತ ಕೂರುತ್ತದೆ. ಅಜ್ಜನ ಕೈಯಲ್ಲಿ ಗುಡ್ಡದ ಹಾಗೆ ಒಂದು ಗಳಿಗೆ ನಿಲ್ಲುತ್ತದೆ, ಎಲಾಸ್ಟಿನ್ ಸವೆದಿದೆ. ಇದೇ ಚಿವುಟು ಪ್ರಾಣ ಉಳಿಸುವುದೂ ಉಂಟು. ವಾಂತಿ ಭೇದಿ ಆಗುತ್ತಿರುವ ಮಗುವಿನ ಹೊಟ್ಟೆಯ ಚರ್ಮವನ್ನು ಹೊಕ್ಕಳಿನ ಪಕ್ಕದಲ್ಲಿ ಎತ್ತಿ ಬಿಡಿ. ಕೂಡಲೇ ಮೊದಲಿನಂತಾಗದೆ ನಿಧಾನಕ್ಕೆ ಇಳಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. 2 ಸೆಕೆಂಡಿಗಿಂತ ಹೆಚ್ಚು ಹಾಗೇ ನಿಂತರೆ ಪರಿಸ್ಥಿತಿ ಕೆಟ್ಟಿದೆ. ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ.

ಬೆರಳಿನ ಉಗುರನ್ನು 5 ಸೆಕೆಂಡ್ ಒತ್ತಿ ಹಿಡಿದು ಬಿಡಿ. ಬಿಳಿಚಿಕೊಂಡ ಉಗುರು 2–3 ಸೆಕೆಂಡಿನೊಳಗೆ ಗುಲಾಬಿಯಾಗಬೇಕು. ಕೈಗೆ ಪಟ್ಟಿ ಬಿಗಿಯಾಗಿ ಕಟ್ಟಿಬಿಟ್ಟಿದ್ದೀರಾ ಅಂತ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಮೊಣಕೈಗೆ ಸ್ವಲ್ಪ ಮೇಲೆ ಐಸ್ ಇಟ್ಟು ಕಾಯಿರಿ. ಕೂದಲು ನೆಟ್ಟಗಾಗಿ ಬುಡದಲ್ಲಿ ಗುಳ್ಳೆ ಗುಳ್ಳೆ ಏಳುತ್ತದೆ. ಕನ್ನಡದಲ್ಲಿ ಇದಕ್ಕೆ ಮೈನವಿರೇಳುವುದು ಅಂತ ಎಷ್ಟು ಚೆಂದದ ಮಾತಿದೆ ನೋಡಿ. ನವಿರು ಅಂದರೆ ಕೂದಲು. ಒಂದೊಂದು ಕೂದಲ ಬುಡಕ್ಕೂ ಒಂದು ಪುಟಾಣಿ ಸ್ನಾಯು ಕಟ್ಟಿದೆ. ಚಳಿಯಾದಾಗ, ಭಯವಾದಾಗ, ಒಳ್ಳೆ ಹಾಡು ಕೇಳಿದಾಗ ಅದು ಎಳೆಯುತ್ತದೆ. ಎಳಿ ಅಂತ ನೀವು ಆಜ್ಞೆ ಮಾಡಿದರೆ ಎಳೆಯಲ್ಲ, ಇದು ಅನೈಚ್ಛಿಕ ಸ್ನಾಯು. ಚರ್ಮದಲ್ಲಿ ಸ್ನಾಯು ಅಂಗಾಂಶ ಎಲ್ಲಿದೆ ಅಂತ ಪರೀಕ್ಷೆಯಲ್ಲಿ ಕೇಳಿದರೆ ಇದನ್ನು ಬರೆಯಲಿ.

ಬೆರಳ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಗೆರೆಗಳ ಏರಿನ ಮೇಲೆ ಸಾಲಾಗಿ ಸೂಜಿ ಮೊನೆಯಂಥ ಬೆವರ ಹನಿ ಹೊಳೆಯುತ್ತವೆ. ಕಾಣದಿದ್ದರೆ ಹತ್ತು ಬಸ್ಕಿ ಹೊಡೆದು ಬನ್ನಿ. ಮೈ ತುಂಬಾ ಇಂಥ ಗ್ರಂಥಿಗಳು 20 ರಿಂದ 40 ಲಕ್ಷ. ಮೈ ತಂಪಾಗುವುದು ಬೆವರು ಬರುವುದರಿಂದಲ್ಲ, ಅದು ಆರುವುದರಿಂದ. ಹಾಗಾಗಿಯೇ ಮಂಗಳೂರಿನ ಸೆಕೆಯಲ್ಲಿ ಬೆವರು ಸುರಿದರೂ ಹಾಯೆನಿಸಲ್ಲ, ರಾಯಚೂರಿನ ಒಣ ಬಿಸಿಲಿನಲ್ಲಿ ಬೆವರಿದ್ದೇ ಗೊತ್ತಾಗಲ್ಲ. ಅಲ್ಲಿ ನೀರು ಕುಡಿಯಲು ಮರೆತವರು ಕೆಡುತ್ತಾರೆ. ಅಂದ ಹಾಗೆ, ಈ ಗೆರೆಗಳ ವಿನ್ಯಾಸ ತಾಯಿಯ ಹೊಟ್ಟೆಯಲ್ಲೇ ಗಟ್ಟಿಯಾಗಿಬಿಡುತ್ತದೆ. ಹೊರಚರ್ಮ ಉದುರಿ ಹೊಸದು ಬಂದರೂ ಅದು ಬದಲಾಗಲ್ಲ, ಯಾಕಂದರೆ ಅಚ್ಚು ಇರುವುದು ಹೊರಚರ್ಮ ಒಳಚರ್ಮಗಳು ಸೇರುವ ಕಡೆ. ಇದನ್ನು ನಂಬಿ 1897ರಲ್ಲೇ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ಶುರು ಮಾಡಿದರು.

ಈಗ ಅಜ್ಜಿಯ ಹಚ್ಚೆಗೆ ಬರೋಣ. ಸೂಜಿ ಹೊರಚರ್ಮ ದಾಟಿ ಬಣ್ಣವನ್ನು ಒಳಚರ್ಮದಲ್ಲಿ ಬಿಟ್ಟಿದೆ. ಅಲ್ಲಿನ ಕಾವಲುಗಾರ ಜೀವಕೋಶಗಳು ಅದನ್ನು ನುಂಗಿವೆ, ಅರಗಿಸಲಾಗದೆ ಹಾಗೇ ಹಿಡಿದು ಕೂತಿವೆ. ಒಂದು ಸತ್ತರೆ ಪಕ್ಕದ್ದು ಆ ಬಣ್ಣವನ್ನು ನುಂಗುತ್ತದೆ. ಹೀಗೆ ಕೈ ಬದಲಾಗುತ್ತಾ ಹೋಗಿ ಅಂಚು ಮಸುಕಾಗುತ್ತದೆಯೇ ಹೊರತು ಬಣ್ಣ ಹೊರಗೆ ಬರಲ್ಲ.

ನರ್ಸ್‌ಗಳು ಕೇಳುವ ಪ್ರಶ್ನೆಯೂ ಎಷ್ಟು ಆಳ ಅನ್ನೋದೇ. ಹುಟ್ಟಿದ ಮಗುವಿಗೆ ಎಡತೋಳಿನಲ್ಲಿ ಹಾಕುವ ಬಿಸಿಜಿ ಒಳಚರ್ಮಕ್ಕೆ, ಆ ಕಲೆ ನಮ್ಮಲ್ಲಿ ಬಹಳ ಜನರ ತೋಳಲ್ಲಿದೆ. ಇನ್ಸುಲಿನ್ ಅದರ ಕೆಳಗಿನ ಕೊಬ್ಬಿಗೆ. ಟಿಟಿ ಇನ್ನೂ ಕೆಳಗೆ, ಸ್ನಾಯುವಿಗೆ.

ಹೆಜ್ಜೆ 4: ಯು ಪಿನ್ ಆಟ

ಒಬ್ಬರು ಕಣ್ಣು ಮುಚ್ಚಿಕೊಳ್ಳಲಿ. ಪಿನ್ನಿನ ಎರಡು ತುದಿಯನ್ನು 5 ಮಿಲಿಮೀಟರ್ ಅಂತರಕ್ಕೆ ತಂದು ಅವರ ಬೆರಳ ತುದಿಗೆ ಮೆಲ್ಲಗೆ ಮುಟ್ಟಿಸಿ. "ಎಷ್ಟು ತುದಿ?" ಎರಡು ಅಂತ ಥಟ್ಟನೆ ಹೇಳುತ್ತಾರೆ. ಅಂತರ ಕಡಿಮೆ ಮಾಡುತ್ತಾ ಹೋಗಿ. ಬೆರಳ ತುದಿಯಲ್ಲಿ 2–3 ಮಿಲಿಮೀಟರ್‌ವರೆಗೂ ಪತ್ತೆ ಹಚ್ಚುತ್ತಾರೆ. ಅದೇ ಪಿನ್ನನ್ನು ಬೆನ್ನಿಗೆ ಹಿಡಿಯಿರಿ. 20 ಮಿಲಿಮೀಟರ್ ಇದ್ದರೂ "ಒಂದೇ" ಅನ್ನುತ್ತಾರೆ. ಬೆನ್ನಿನಲ್ಲಿ ಎರಡು ಅಂತ ಗೊತ್ತಾಗಲು ಸುಮಾರು 40 ಮಿಲಿಮೀಟರ್ ಬೇಕು. ಮಕ್ಕಳು ಇದನ್ನು ನಂಬಲ್ಲ, ಸ್ಕೇಲ್ ಹಿಡಿದು ಜಗಳ ಆಡುತ್ತಾರೆ. ಆಡಲಿ ಬಿಡಿ. ಮುಟ್ಟಿದ್ದನ್ನು ಅರಿಯುವ ನರದ ತುದಿಗಳು ಬೆರಳಲ್ಲಿ ಸಂತೆಯ ಹಾಗೆ, ಬೆನ್ನಲ್ಲಿ ಕಾಡುಮನೆಗಳ ಹಾಗೆ ಹರಡಿವೆ.

ಆಟದ ನಡುವೆ ಒಂದು ಗಂಭೀರ ಮಾತು. ಮೈಮೇಲೆ ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಅಥವಾ ಕೆಂಪಗಿನ ಮಚ್ಚೆ ಇದ್ದು, ಅಲ್ಲಿ ಹತ್ತಿಯ ಎಳೆ ಮುಟ್ಟಿಸಿದರೆ ಗೊತ್ತಾಗುತ್ತಿಲ್ಲ ಅಂದರೆ ತಡ ಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕುಷ್ಠರೋಗ ಹೀಗೆ ನರದಲ್ಲಿ ಶುರುವಾಗುತ್ತದೆ. ನೋವಿಲ್ಲ, ತುರಿಕೆಯಿಲ್ಲ, ಹಾಗಾಗಿ ಜನ ಸುಮ್ನೆ ಇದ್ದುಬಿಡುತ್ತಾರೆ. ಮಾತ್ರೆ ಉಚಿತ, 6 ರಿಂದ 12 ತಿಂಗಳಲ್ಲಿ ವಾಸಿಯಾಗುತ್ತದೆ. ಬೇಗ ಹೋದರೆ ಬೆರಳು ಸೊಟ್ಟಗಾಗುವ ಮಾತೇ ಇಲ್ಲ.

ಹೆಜ್ಜೆ 5: ಕೋಳಿ ಕಾಲನ್ನು ಬಿಡಿಸಿ

ಹಳೇ ಪೇಪರ್ ಹಾಸಿ ಕೂರಿ. ಚರ್ಮ ಎಳೆದರೆ ಅದರಡಿ ಹಳದಿ ಕೊಬ್ಬು. ನಮ್ಮಲ್ಲೂ ಒಳಚರ್ಮದ ಕೆಳಗೆ ಇದೇ ಹಾಸಿಗೆ, ಏಟು ತಾಗದಂತೆ, ಕಾವು ಹೋಗದಂತೆ. ಚರ್ಮ, ಮಾಂಸದ ನಡುವೆ ಜೇಡರ ಬಲೆಯಂಥ ತೆಳು ಪೊರೆ. ಆಮೇಲೆ ಮಾಂಸ, ಅಂದರೆ ಸ್ನಾಯು. ಎಳೆ ಎಳೆಯಾಗಿ ಬಿಡುತ್ತದೆ ನೋಡಿ. ಮಾಂಸ ಮೂಳೆ ಸೇರುವಲ್ಲಿ ಬೆಳ್ಳಗೆ ಹೊಳೆಯುವ ಹುರಿ ಇದೆ. ಪಾದದ ಹಿಂಬದಿಯಲ್ಲಿರುವ ಹುರಿ ಹಿಡಿದು ಎಳೆಯಿರಿ, ಸತ್ತ ಕೋಳಿಯ ಬೆರಳು ಮಡಚುತ್ತದೆ! ಮಕ್ಕಳು ಕಿರುಚುತ್ತಾರೆ, ಆಮೇಲೆ "ನಾನೂ ನಾನೂ" ಅಂತ ಕಿತ್ತಾಡುತ್ತಾರೆ.

ತೊಡೆಯ ಮಾಂಸ ಬಿಡಿಸಿದರೆ ಮೂಳೆಯ ಉದ್ದಕ್ಕೆ, ರಕ್ತನಾಳದ ಜೊತೆಯಲ್ಲೇ ಬಿಳಿ ದಾರ ಸಿಗುತ್ತದೆ. ಅದು ನಿಜವಾದ ನರ. ನಾವು ಕನ್ನಡದವರು ಎಲ್ಲಕ್ಕೂ ನರ ಅಂದುಬಿಡುತ್ತೇವೆ. ಕೈಮೇಲೆ ಹಸಿರಾಗಿ ಉಬ್ಬಿದ್ದು ನರ ಅಂತೀವಿ, ಅದು ರಕ್ತನಾಳ. ಕಾಲಲ್ಲಿ ನರ ಹಿಡ್ಕೊಂಡಿದೆ ಅಂತೀವಿ, ಅದು ಸ್ನಾಯು. ಹಿಮ್ಮಡಿ ಹಿಂದಿನ ನರ ಅಂತೀವಿ, ಅದು ಈಗ ನೀವು ಎಳೆದ ಹುರಿ. ಡಾಕ್ಟರ್ ಹತ್ತಿರ ಹೇಳುವಾಗ ನರ ಅನ್ನೋ ಬದಲು ಬೆರಳಿಟ್ಟು ತೋರಿಸಿಬಿಡಿ, ಅದೇ ವಾಸಿ.

ಮೂಳೆಯ ತುದಿಯಲ್ಲಿ ನುಣ್ಣಗೆ ಬಿಳಿ ಟೋಪಿ, ಮೆದು ಎಲುಬು. ಮೂಳೆ ಮುರಿದರೆ ಒಳಗೆ ಕೆಂಪು ಮಜ್ಜೆ. ಕೊಬ್ಬು, ಹುರಿ, ಮೆದು ಎಲುಬು, ಮೂಳೆ, ಕೊನೆಗೆ ರಕ್ತ ಕೂಡ ಸಂಯೋಜಕ ಅಂಗಾಂಶದ ಮನೆತನವೇ. ಮುಗಿದ ಮೇಲೆ ಕೈ, ಚಾಕು, ಮಣೆ ಸೋಪು ಹಾಕಿ ತೊಳೆಯಿರಿ.

ಕೋಳಿ ಬೇಡ ಅನ್ನುವವರು ಕಿವಿ ಮಡಚಿ ಬಿಡಿ, ಅದು ಮೆದು ಎಲುಬು. ಕಣತಲೆ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ, ಉಬ್ಬಿದ್ದು ಸ್ನಾಯು. ಮುಷ್ಟಿ ಬಿಗಿದು ಮಣಿಕಟ್ಟು ಒಳಕ್ಕೆ ಮಡಚಿ, ಎದ್ದು ನಿಂತದ್ದು ಹುರಿ.

ದೇಹವನ್ನು ಹೀಗೆ ಅಂಗಾಂಶಗಳ ಲೆಕ್ಕದಲ್ಲಿ ನೋಡಲು ಕಲಿಸಿದವನು ಫ್ರಾನ್ಸಿನ ಕ್ಸೇವಿಯರ್ ಬಿಷಾ. ಮೈಕ್ರೋಸ್ಕೋಪ್ ನಂಬದೆ, ಹೆಣಗಳನ್ನು ಕೊಯ್ದು, ಕುದಿಸಿ, ನೆನೆಹಾಕಿ, ಒಣಗಿಸಿ 21 ಬಗೆ ಅಂತ ವಿಂಗಡಿಸಿದ. 1802ರಲ್ಲಿ ಸತ್ತಾಗ ಅವನಿಗೆ 30 ವರ್ಷ. ಅವನು ಬಳಸಿದ ಪದದ ಅರ್ಥ ನೇಯ್ದ ಬಟ್ಟೆ ಅಂತ.

ಹೆಜ್ಜೆ 6: ಸುಟ್ಟಾಗ ಆಳ ಲೆಕ್ಕ ಹಾಕುವುದು

ಇಷ್ಟೆಲ್ಲ ನೋಡಿದ್ದು ಮುಖ್ಯವಾಗಿ ಇದಕ್ಕೆ. ನನ್ನ ಎಡ ಮಣಿಕಟ್ಟಿನಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಜಾಗ ಮಿರಮಿರ ಹೊಳೆಯುತ್ತದೆ, ಅಲ್ಲಿ ಒಂದೂ ಕೂದಲಿಲ್ಲ. ನನಗಾಗ 10 ವರ್ಷ. ಕುದಿಯುವ ಸಾರು ಚೆಲ್ಲಿತ್ತು. ಮನೆಯವರು ಓಡಿ ಬಂದು ಇಂಕು ಸುರಿದರು, ಮೇಲೆ ದೋಸೆ ಹಿಟ್ಟು ಮೆತ್ತಿದರು, ಸಂಜೆಗೆ ಯಾರೋ ಟೂತ್‌ಪೇಸ್ಟ್ ಅಂದರು. ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದು. ನಲ್ಲಿ ನೀರು ಒಂದನ್ನು ಬಿಟ್ಟು.

ಸುಟ್ಟ ಮೇಲೆ ಒಲೆಯಿಂದ ಕೈ ತೆಗೆದರೂ ಕಾವು ಒಳಗೆ ಇಳಿಯುತ್ತಲೇ ಇರುತ್ತದೆ. ಆ ಕಾವನ್ನು ಹೊರಗೆಳೆಯುವುದೇ ಮೊದಲ ಕೆಲಸ. ಹರಿಯುವ ನಲ್ಲಿ ನೀರಿನ ಕೆಳಗೆ ಗಾಯ ಹಿಡಿಯಿರಿ, ಗಡಿಯಾರ ನೋಡಿ 20 ನಿಮಿಷ. ನಲ್ಲಿ ಬರದಿದ್ದರೆ ಬಕೆಟ್ಟಿನಿಂದ ಚೊಂಬಿನಲ್ಲಿ ಸುರಿಯುತ್ತಿರಿ. ತಡವಾಗಿದೆ ಅಂತ ಬಿಡಬೇಡಿ, 3 ಗಂಟೆಯೊಳಗೆ ಮಾಡಿದರೂ ಪ್ರಯೋಜನ ಇದೆ. ಐಸ್ ಬೇಡ, ರಕ್ತನಾಳ ಮುದುಡಿ ಗಾಯ ಇನ್ನೂ ಆಳವಾಗುತ್ತದೆ. ನೀರು ಬೀಳುತ್ತಿರುವಾಗಲೇ ಬಳೆ, ಉಂಗುರ, ವಾಚ್ ಬಿಚ್ಚಿ, ಊದಿಕೊಂಡ ಮೇಲೆ ಬರಲ್ಲ. ಅಂಟಿಕೊಂಡ ಬಟ್ಟೆ ಕೀಳಬೇಡಿ. ಪುಟ್ಟ ಮಗುವಾದರೆ ಗಾಯಕ್ಕೆ ಮಾತ್ರ ನೀರು, ಉಳಿದ ಮೈ ಬೆಚ್ಚಗಿರಲಿ. ಆಮೇಲೆ ಒಗೆದ ಮೆತ್ತನೆ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ. ಅರಿಶಿನ, ಬೆಣ್ಣೆ, ಕಾಫಿ ಪುಡಿ ಯಾವುದೂ ಬೇಡ. ಕಾವು ಒಳಗೇ ಉಳಿಯುತ್ತದೆ, ಡಾಕ್ಟರಿಗೆ ಆಳವೂ ಕಾಣಲ್ಲ.

ಈಗ ಆಳ. ಬರೀ ಕೆಂಪು, ಉರಿ, ಬೊಬ್ಬೆ ಇಲ್ಲ ಅಂದರೆ ಹೊರಚರ್ಮ ಮಾತ್ರ. ಒಂದು ವಾರದಲ್ಲಿ ಸಿಪ್ಪೆ ಎದ್ದು ಹೋಗುತ್ತದೆ. ಬೊಬ್ಬೆ ಎದ್ದರೆ ಹೊರಚರ್ಮ ಒಳಚರ್ಮದಿಂದ ಬಿಟ್ಟು ನಡುವೆ ನೀರು ತುಂಬಿದೆ. ನರದ ತುದಿಗಳು ಬಯಲಾಗಿರುವುದರಿಂದ ವಿಪರೀತ ನೋವು. ಬೊಬ್ಬೆ ಒಡೆಯಬೇಡಿ. ಒಳಚರ್ಮದ ಮೇಲ್ಭಾಗ ಮಾತ್ರ ಸುಟ್ಟಿದ್ದರೆ ಎರಡು ಮೂರು ವಾರದಲ್ಲಿ ಕಲೆ ಹೆಚ್ಚು ಉಳಿಯದೆ ಮಾಯುತ್ತದೆ. ಹೇಗೆ ಗೊತ್ತಾ? ಕೂದಲ ಬುಡದ ಗುಂಡಿ ಒಳಚರ್ಮದ ಆಳದವರೆಗೆ ಇಳಿದಿರುತ್ತದೆ, ಅದರ ಒಳಗೋಡೆಗೆ ಇರುವುದೂ ಹೊರಚರ್ಮದ ಜೀವಕೋಶಗಳೇ. ಮೇಲೆಲ್ಲ ಸುಟ್ಟರೂ ಗುಂಡಿಯ ತಳದಲ್ಲಿ ಅಡಗಿದ ಅವು ಸಸಿಮಡಿಯ ಹಾಗೆ ಚಿಗುರಿ ಹರಡುತ್ತವೆ. ಅದೂ ಸುಟ್ಟುಹೋದರೆ ಚಿಗುರಲು ಬೀಜವಿಲ್ಲ. ಅಂಚಿನಿಂದ ಅಂಗುಲ ಅಂಗುಲ ತೆವಳಿ ಬರಬೇಕು, ಉಳಿದ ಜಾಗವನ್ನು ಕೊಲಾಜನ್ ತೇಪೆ ಹಾಕಿ ಮುಚ್ಚುತ್ತದೆ. ನನ್ನ ಮಣಿಕಟ್ಟಿನಲ್ಲಿ ಕೂದಲು ಯಾಕಿಲ್ಲ ಅಂತ ಈಗ ತಿಳಿಯಿತಲ್ಲ.

ಎಲ್ಲಕ್ಕಿಂತ ಮೋಸ ಮಾಡುವುದು ನೋವಿಲ್ಲದ ಗಾಯ. ಬೆಳ್ಳಗೆ ಅಥವಾ ಕಪ್ಪಗೆ ಚಪ್ಪಲಿ ಚರ್ಮದಂತೆ ಬಿರುಸಾಗಿ, ಮುಟ್ಟಿದರೂ ಗೊತ್ತಾಗುತ್ತಿಲ್ಲ ಅಂದರೆ ಒಳಚರ್ಮ ಪೂರ್ತಿ ಹೋಗಿದೆ, ಜೊತೆಗೆ ನರವೂ. "ಅಷ್ಟೇನೂ ಉರಿ ಇಲ್ಲ" ಅಂತ ಮನೆಯಲ್ಲಿ ಕೂರಬೇಡಿ. ಇಂಥದ್ದು ಎಷ್ಟೇ ಸಣ್ಣದಿದ್ದರೂ ಆಸ್ಪತ್ರೆಗೆ. ಗಾಯಾಳುವಿನದೇ ಹಸ್ತ, ಬೆರಳು ಸೇರಿ, ಅವರ ಮೈಯ ಸುಮಾರು ಶೇ 1. ಬೊಬ್ಬೆ ಅದಕ್ಕಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲು, ಜನನಾಂಗದ ಮೇಲಿದ್ದರೆ, ಕರೆಂಟ್ ಅಥವಾ ಆಸಿಡ್‌ನಿಂದ ಆಗಿದ್ದರೆ, ಮಗುವಾದರೆ 108ಕ್ಕೆ ಫೋನ್ ಮಾಡಿ.

ಮೈಯ ಬಹಳಷ್ಟು ಆಳವಾಗಿ ಸುಟ್ಟವರಿಗೆ ತೇಪೆ ಹಾಕಲು ಅವರ ಮೈಯಲ್ಲೇ ಚರ್ಮ ಉಳಿದಿರಲ್ಲ. ಅಂಥವರ ಗಾಯವನ್ನು ದಾನಿಯ ಚರ್ಮದಿಂದ ಕೆಲವು ವಾರ ಮುಚ್ಚಿಟ್ಟು ಜೀವ ಉಳಿಸುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ಸ್ಕಿನ್ ಬ್ಯಾಂಕ್ ಇದೆ. ಸತ್ತ 6 ಗಂಟೆಯೊಳಗೆ ತೊಡೆ, ಕಾಲು, ಬೆನ್ನಿನಿಂದ ತೀರಾ ತೆಳು ಪದರ ಮಾತ್ರ ತೆಗೆಯುತ್ತಾರೆ. ರಕ್ತ ಸುರಿಯಲ್ಲ, ಮುಖ ಕೆಡಲ್ಲ. ಕಣ್ಣು ದಾನಕ್ಕೆ ಹೂಂ ಅಂದ ಮನೆಯವರು ಇದನ್ನೂ ಕೇಳಿ ನೋಡಬಹುದು.

ಹೆಜ್ಜೆ 7: ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಇದೊಂದು ಮಾತ್ರ ಭಾನುವಾರಕ್ಕೇ ಮುಗಿಯಲ್ಲ. ಎಡಗೈ ಕಿರುಬೆರಳಿನ ಉಗುರಿಗೂ, ಅಂಗೈ ನಡುವೆ ಒಂದು ಚುಕ್ಕಿಯಾಗಿಯೂ, ಮುಂಗೈ ಮೇಲೆ ಒಂದು ಚುಕ್ಕಿಯಾಗಿಯೂ ಅರೆದ ಗೋರಂಟಿ ಸೊಪ್ಪು ಇಡಿ. ರಾತ್ರಿ ಇಟ್ಟು ಬೆಳಿಗ್ಗೆ ಉದುರಿಸಿ, ತಾರೀಕು ಬರೆಯಿರಿ. ಮುಂಗೈ ಚುಕ್ಕಿ ಯಾವ ದಿನ ಹೋಯಿತು, ಅಂಗೈಯದು ಯಾವ ದಿನ ಹೋಯಿತು ಅಂತ ಮಕ್ಕಳೇ ಬರೆದಿಡಲಿ. ಉಗುರಿನ ಬಣ್ಣ ಉದುರಲ್ಲ, ಬುಡದಿಂದ ಬಿಳಿ ಉಗುರು ಬಂದು ಅದನ್ನು ಮುಂದಕ್ಕೆ ತಳ್ಳುತ್ತದೆ. ತಿಂಗಳಿಗೆ ಸುಮಾರು 3 ಮಿಲಿಮೀಟರ್. ಯುಗಾದಿಗೆ ಹಚ್ಚಿದರೆ ಆಷಾಢದ ಹೊತ್ತಿಗೆ ತುದಿಯಲ್ಲೊಂದು ಕೆಂಪು ಗೆರೆ ಉಳಿದಿದ್ದರೂ ಉಳಿದಿರಬಹುದು. ಅಲ್ಲಿಯವರೆಗೆ ಹಲ್ಲಿನಿಂದ ಉಗುರು ಕಚ್ಚಬೇಡಿ ಅಂತ ಹೇಳಿಡಿ, ಲೆಕ್ಕ ತಪ್ಪುತ್ತೆ.